ಗೊತ್ತಾದ ಮೇಲೆ ಉಳಿಯುವ ಕೆಲಸ
ವಿಜ್ಞಾನ ತನ್ನ ಕೊನೆಯ ಗಡಿ ಮುಟ್ಟಿದ ಮೇಲೆ ಮನುಷ್ಯ ಏನು ಮಾಡುತ್ತಾನೆ? ಬೆಂಗಳೂರಿನ ಮಹದೇವಪುರದವರು ವರ್ತೂರು ಕೆರೆಯ ಕೋಡಿಯ ಹತ್ತಿರ ನಿಂತು ಇದನ್ನು ಕೇಳಿಕೊಳ್ಳಬೇಕು. 2015ರಲ್ಲಿ ಅಲ್ಲಿ ಉಕ್ಕಿದ ನೊರೆ ರಸ್ತೆಗೇ ಹಾರಿ ಬಂತು. ಶುದ್ಧೀಕರಿಸದ ಕೊಳಚೆ, ಅದರೊಳಗಿನ ಡಿಟರ್ಜೆಂಟು, ಫಾಸ್ಫೇಟು, ನೀರು ಧುಮುಕುವಾಗ ಬೆರೆಯುವ ಗಾಳಿ: ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಕಾರಣವನ್ನು ಬಿಡಿಸಿ ಹೇಳಿದರು. ಈ ಕೆರೆಯ ಮಟ್ಟಿಗೆ ವಿಜ್ಞಾನ ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ. ವಿಜ್ಞಾನ ಇನ್ನೂ ಹೇಳಿ ಮುಗಿಸದ ಪ್ರಶ್ನೆಗಳೂ ಇವೆ. ಹಳೇ ಮದ್ರಾಸ್ ರಸ್ತೆಯಲ್ಲಿ ಮುಂದೆ ಹೋದರೆ ಕೋಲಾರದ ಸೀಮೆ. ಅಲ್ಲಿನ ಚಿನ್ನದ ಗಣಿಯಾಳದಲ್ಲಿ 1965ರಲ್ಲೇ ವಾತಾವರಣದ ನ್ಯೂಟ್ರಿನೊ ಪತ್ತೆಯಾಯಿತು, ಆಮೇಲೆ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಕಾದರು. ಖಚಿತ ಉತ್ತರ ಇಂದಿಗೂ ಇಲ್ಲ. ಆ ಹುಡುಕಾಟ ನಡೆಯಲಿ, ನಡೆಯಲೇಬೇಕು. ಆದರೆ ರಾಜಕಾಲುವೆಗೆ ಕೊಳಚೆ ಬೀಳದಂತೆ ತಡೆಯಲು ಹೊಸ ಸಂಶೋಧನೆ ಬೇಕಿಲ್ಲ. ಬೇಕಿರುವುದು ಕೊಳವೆ, ಶುದ್ಧೀಕರಣ ಘಟಕ, ಅದನ್ನು ದಿನವೂ ನಡೆಸುವ ಜನ.