ಬಲ್ಬ್ ಬದಲಾಯಿಸುವ ಮೊದಲು ಬೈಕಿನ ಚಾರ್ಜಿಂಗ್ ಸರಿ ಮಾಡಿಸಿ

ಹಳೆಯ ಬೈಕನ್ನು ರಾತ್ರಿ ಓಡಿಸುವವರಿಗೆಲ್ಲ ಇದು ಗೊತ್ತಿರುವ ವಿಷಯ. ರೇಸ್ ಕೊಟ್ಟಾಗ ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ. ಹಂಪ್ ಬಂತು, ತಿರುವು ಬಂತು, ದನ ಅಡ್ಡ ಬಂತು ಎಂದು ರೇಸ್ ಇಳಿಸಿದ ಕೂಡಲೇ ಬೆಳಕು ಮೇಣದಬತ್ತಿಯಷ್ಟಾಗುತ್ತದೆ. ಅಂದರೆ ಎಲ್ಲಿ ಬೆಳಕು ಬೇಕೋ ಅಲ್ಲೇ ಇಲ್ಲ. ಸಿದ್ದಾಪುರದಿಂದ ಹೊಸಂಗಡಿ ಕಡೆಗೆ, ಕೊಲ್ಲೂರು ರಸ್ತೆಯಲ್ಲಿ, ಅಮಾಸೆಬೈಲಿನ ಕಾಡಿನ ದಾರಿಯಲ್ಲಿ ಒಮ್ಮೆ ಹೋಗಿ ಬಂದರೆ ನಾನು ಹೇಳುವುದು ಅರ್ಥವಾಗುತ್ತದೆ.

ಇದಕ್ಕೆ ನಮ್ಮ ಕಡೆ ಸಿಗುವ ಮದ್ದು ಒಂದೇ: ಎಲ್‌ಇಡಿ ಹಾಕಿಸುವುದು. ಅಂಗಡಿಯಲ್ಲಿ ಮುನ್ನೂರು ರೂಪಾಯಿಗೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಹಾಕಿಸಿ ತಿಂಗಳಾಗುವಷ್ಟರಲ್ಲಿ ಬ್ಯಾಟರಿ ಹೋಯಿತು ಎಂಬ ದೂರು. ಬ್ಯಾಟರಿ ಹಾಕಿಸಿದರೆ ಆರೇಳು ತಿಂಗಳಲ್ಲಿ ಅದೂ ಹೋಯಿತು. ಗ್ಯಾರೇಜಿನಲ್ಲಿ "ಬ್ಯಾಟ್ರಿ ಹೋಯ್ತ್ ಮರಾಯ್ರೆ, ಹೊಸ್ತ್ ಹಾಕ್ವಾ" ಎನ್ನುತ್ತಾರೆ. ಬ್ಯಾಟರಿ ಯಾಕೆ ಹೋಯಿತು ಎಂದು ಅವರೂ ನೋಡುವುದಿಲ್ಲ, ನಾವೂ ಕೇಳುವುದಿಲ್ಲ. ಬಾವಿಯಲ್ಲಿ ನೀರಿಲ್ಲದೆ ದೊಡ್ಡ ಟ್ಯಾಂಕ್ ಕಟ್ಟಿಸಿದ ಹಾಗೆ ಇದು. ಸರಿಪಡಿಸಬೇಕಾದ್ದು ಕರೆಂಟು ಹುಟ್ಟುವ ಜಾಗವನ್ನು.

ಆ ಜಾಗ ಇರುವುದು ಎಂಜಿನ್ನಿನ ಎಡಗಡೆಯ ಕವರಿನೊಳಗೆ. ಹೀರೋ ಹೋಂಡಾ ಸ್ಪ್ಲೆಂಡರ್ ಮತ್ತು ಅದೇ ಕಾಲದ ಹೆಚ್ಚಿನ ನೂರು ಸಿ.ಸಿ. ಬೈಕುಗಳಲ್ಲಿ ಅಲ್ಲಿ ಒಂದು ಮ್ಯಾಗ್ನೆಟ್ ತಿರುಗುತ್ತದೆ, ಅದರೊಳಗೆ ತಾಮ್ರದ ಕಾಯಿಲ್ ಇರುತ್ತದೆ. ಮ್ಯಾಗ್ನೆಟ್ ಎಷ್ಟು ಜೋರಾಗಿ ತಿರುಗುತ್ತದೋ ಕರೆಂಟು ಅಷ್ಟು ಹೆಚ್ಚು. ಈ ಬೈಕುಗಳಲ್ಲಿ ಹೆಡ್‌ಲೈಟ್ ನೇರವಾಗಿ ಕಾಯಿಲಿನ ಎಸಿ ಕರೆಂಟಿನಲ್ಲಿ ಉರಿಯುತ್ತದೆ, ಬ್ಯಾಟರಿಯಿಂದಲ್ಲ. ರೇಸ್ ಇಳಿಸಿದಾಗ ಮಂಕಾಗುವುದು ಅದಕ್ಕೇ. ಬ್ಯಾಟರಿ ಇರುವುದು ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟಿಗೆ. ಅದೂ 2.5 ಆಂಪಿಯರ್-ಅವರ್‌ನ ಸಣ್ಣ ಡಬ್ಬಿ. ಕಾಯಿಲಿನಲ್ಲಿ ಹುಟ್ಟುವ ಅಲೆಯ ಒಂದು ಅರ್ಧ ಮಾತ್ರ ಅದನ್ನು ಚಾರ್ಜ್ ಮಾಡುತ್ತದೆ. ಎಂಜಿನ್ನಿನ ಕಿಡಿಗೆ ಬೇರೆಯೇ ಕಾಯಿಲ್ ಇದೆ, ಹಾಗಾಗಿ ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ.

ನಮ್ಮವರನ್ನು ಕೆಡಿಸಿದ್ದು ಈ ಕೊನೆಯ ಸೌಕರ್ಯವೇ. "ಕಿಕ್ಕಿಗೆ ಸ್ಟಾರ್ಟ್ ಆತ್ತಲ್ದಾ, ಬ್ಯಾಟ್ರಿ ಎಂತಕೆ?" ಎಂದು ಬ್ಯಾಟರಿ ಬಿಚ್ಚಿಟ್ಟು ಓಡಿಸುವವರು ಊರಿಗೆ ಹತ್ತು ಜನ ಇದ್ದಾರೆ. ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಬ್ರೇಕ್ ಹಿಡಿದರೆ ಹಿಂದೆ ಬರುವವನಿಗೆ ಗೊತ್ತಾಗುವುದಿಲ್ಲ. ಹಿಂದೆ ಬರುತ್ತಿರುವುದು ನಾಲ್ಕು ಪಥದ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಹೊರಟ ಟ್ಯಾಂಕರ್. ಕೋಟ, ಸಾಸ್ತಾನ, ತ್ರಾಸಿ, ನಾಗೂರು, ಎಲ್ಲೇ ಆಗಲಿ ಡಿವೈಡರ್ ತೆರೆದ ಕಡೆ ಬಲಕ್ಕೆ ತಿರುಗಲು ನಿಂತ ಬೈಕಿಗೆ ಇಂಡಿಕೇಟರ್ ಇಲ್ಲ ಎಂದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ಪತ್ರಿಕೆಯಲ್ಲಿ "ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆ" ಎಂಬ ಒಂದು ಸಾಲು ಬರುತ್ತದೆ. ಪೊಲೀಸ್ ದೂರಿನ ಭಾಷೆಯೇ ಅದು. ಬೈಕಿನ ಹಿಂದಿನ ಲೈಟು ಉರಿಯುತ್ತಿತ್ತೇ ಎಂಬ ಪ್ರಶ್ನೆಗೆ ಆ ಭಾಷೆಯಲ್ಲಿ ಜಾಗವಿಲ್ಲ.

ಹೊಸ ಬೈಕ್ ತೆಗೆದುಕೊಳ್ಳಿ ಎಂದು ಹೇಳುವುದು ಸುಲಭ. 2017ರ ಏಪ್ರಿಲಿನಿಂದ ಮಾರಾಟವಾಗುವ ದ್ವಿಚಕ್ರಗಳಲ್ಲಿ ಎಂಜಿನ್ ಚಾಲೂ ಇದ್ದರೆ ಲೈಟ್ ಉರಿಯಲೇಬೇಕು ಎಂಬ ನಿಯಮವಿದೆ. 2020ರ ಬಿಎಸ್-6 ನಂತರದ ಬೈಕುಗಳಲ್ಲಿ ಚಾರ್ಜಿಂಗ್ ವ್ಯವಸ್ಥೆಯೂ ಬಲವಾಗಿದೆ. ಆದರೆ ಇವತ್ತು ಒಂದು ಸಾಧಾರಣ ಬೈಕ್ ರಸ್ತೆಗೆ ಇಳಿಯಬೇಕಾದರೆ ಲಕ್ಷದ ಹತ್ತಿರ ಬೇಕು. ಬೆಳಗಿನ ನಾಲ್ಕು ಗಂಟೆಗೆ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ತಂದು ಹಳ್ಳಿ ಹಳ್ಳಿ ಮಾರುವವರು, ಡೈರಿಗೆ ಹಾಲು ಹಾಕಿ ಬರುವವರು, ನವೆಂಬರಿನಿಂದ ಮೇ ತನಕ ದಿನಾ ಒಂದೊಂದು ಊರಿನಲ್ಲಿ ವೇಷ ಮಾಡಿ, ಬಣ್ಣ ತೆಗೆದು, ನಿದ್ದೆಗಣ್ಣಿನಲ್ಲಿ ಮನೆಗೆ ಹೊರಡುವ ಮೇಳದ ಕಲಾವಿದರು, ಇವರೆಲ್ಲರ ಕೈಯಲ್ಲಿರುವುದು ಹದಿನೈದು ಇಪ್ಪತ್ತು ವರ್ಷದ ಗಾಡಿಗಳೇ. ಕತ್ತಲಲ್ಲಿ ಅತಿ ಹೆಚ್ಚು ಓಡಾಡುವವರ ಕೈಯಲ್ಲೇ ಅತಿ ಕಡಿಮೆ ಬೆಳಕಿನ ಬೈಕು ಇದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿರುವುದು.

ಮೊದಲು ಮಾಡಬೇಕಾದ್ದು ಅಳತೆ. ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ರಾತ್ರಿ ನಿಲ್ಲಿಸಿದ ಬೈಕಿನ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಇಟ್ಟರೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗೆ ಇದ್ದರೆ ಬ್ಯಾಟರಿ ಖಾಲಿ. ಆಮೇಲೆ ಸ್ಟಾರ್ಟ್ ಮಾಡಿ, ಒಳ್ಳೆ ರೇಸ್ ಕೊಟ್ಟು ಮತ್ತೆ ನೋಡಿ. 13.8ರಿಂದ 14.5ರ ತನಕ ಏರಿದರೆ ಚಾರ್ಜಿಂಗ್ ಸರಿ ಇದೆ. ಏರಲೇ ಇಲ್ಲವಾದರೆ ಕಾಯಿಲ್, ರೆಗ್ಯುಲೇಟರ್ ಅಥವಾ ವಯರಿಂಗಿನಲ್ಲಿ ದೋಷ. ಹೊಸ ಬ್ಯಾಟರಿ ಹಾಕಿದರೆ ಅದೂ ಸಾಯುತ್ತದೆ. 15ನ್ನು ದಾಟಿ ಹೋಯಿತು ಎಂದರೆ ರೆಗ್ಯುಲೇಟರ್ ಕೈಕೊಟ್ಟಿದೆ; ಬ್ಯಾಟರಿ ನೀರು ಕುದಿದು ಆರುತ್ತದೆ. ಎರಡು ನಿಮಿಷದ ಕೆಲಸ. ಸಾವಿರ ರೂಪಾಯಿಯ ಬ್ಯಾಟರಿ ಮಾರುವ ಮೊದಲು ಈ ಎರಡು ನಿಮಿಷ ಕೊಡದ ಗ್ಯಾರೇಜಿಗೆ ಎರಡನೇ ಸಲ ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ತುಕ್ಕು. ಇದು ಬೆಂಗಳೂರಿನ ಯೂಟ್ಯೂಬ್ ವಿಡಿಯೋಗಳಲ್ಲಿ ಬರುವುದಿಲ್ಲ, ಯಾಕೆಂದರೆ ಅಲ್ಲಿ ಸಮುದ್ರ ಇಲ್ಲ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಮರವಂತೆಯಂಥ ಕಡೆ ಅಲೆಯ ಹನಿಯೇ ರಸ್ತೆಗೆ ಹಾರುತ್ತದೆ. ಮೀನಿನ ಬಾಕ್ಸ್ ಕಟ್ಟುವ ಬೈಕಾದರೆ ಐಸಿನ ಉಪ್ಪುನೀರು ಸೋರಿ ನೇರ ಹಿಂದಿನ ಲೈಟಿನ ವಯರಿನ ಮೇಲೇ ಬೀಳುತ್ತದೆ. ಬ್ಯಾಟರಿಯ ಅರ್ಥ್ ವಯರ್ ಚಾಸಿಗೆ ಸೇರುವ ಬೋಲ್ಟು, ಹೆಡ್‌ಲೈಟ್ ಬೌಲಿನೊಳಗಿನ ಕಪ್ಲರ್‌ಗಳು, ಹೋಲ್ಡರ್, ಇವೆಲ್ಲ ಹಸಿರುಗಟ್ಟಿರುತ್ತವೆ. ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದರೆ ಅರ್ಧ ಬೈಕುಗಳ ಕಾಯಿಲೆ ಅಲ್ಲೇ ಗುಣವಾಗುತ್ತದೆ. ಖರ್ಚು ಒಂದು ಚಾ, ಒಂದು ಗೋಳಿಬಜೆ.

ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ ಅಪ್‌ಗ್ರೇಡಿನ ಮಾತು. ಗ್ಯಾರೇಜಿನ ಭಾಷೆಯಲ್ಲಿ "ಡಿಸಿ ಮಾಡಿಸುವುದು". ಕಾಯಿಲಿನ ಒಂದು ತುದಿ ಎಂಜಿನ್ ಬಾಡಿಗೆ ಸೇರಿರುತ್ತದೆ; ಅದನ್ನು ಬಿಡಿಸಿ ಬೇರೆ ವಯರಾಗಿ ಹೊರಗೆ ತಂದು, ಅಲೆಯ ಎರಡೂ ಅರ್ಧ ಬಳಸುವ ಫುಲ್ ವೇವ್ ರೆಗ್ಯುಲೇಟರ್ ಹಾಕಿ, ಎಲ್ಲ ಲೈಟನ್ನೂ ಬ್ಯಾಟರಿ ಕಡೆಗೆ ತಿರುಗಿಸುತ್ತಾರೆ. ಆಗ ರೇಸ್ ಇಳಿಸಿದರೂ ಬೆಳಕು ಒಂದೇ ಸಮ. ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಇದು ಒಂದು ಮಧ್ಯಾಹ್ನದ ಕೆಲಸ. ಆದರೆ ಇಲ್ಲಿ ಲೆಕ್ಕ ತಪ್ಪಬಾರದು.

ಲೆಕ್ಕ ಹೀಗೆ. ಹೆಡ್‌ಲೈಟ್ 35 ವಾಟ್, ಹಿಂದಿನ ಲೈಟ್ 5, ಬ್ರೇಕ್ ಲೈಟ್ 21, ಎರಡು ಇಂಡಿಕೇಟರ್ ಸೇರಿ 20, ಮೀಟರಿನ ಬಲ್ಬುಗಳು ಮೂರು. ಎಲ್ಲ ಒಟ್ಟಿಗೆ ಉರಿದರೆ 84 ವಾಟ್. ಹಳೆಯ ನೂರು ಸಿ.ಸಿ. ಬೈಕಿನ ಕಾಯಿಲ್ ಪೂರ್ತಿ ರೇಸಿನಲ್ಲಿ ಕೊಡುವುದೇ ನೂರು ವಾಟಿನ ಒಳಗೆ, ಐಡ್ಲಿಂಗಿನಲ್ಲಿ ಅದರ ಒಂದು ಪಾಲು ಅಷ್ಟೆ. ಹೀಗಿರುವಾಗ 60/55 ವಾಟಿನ ಕಾರಿನ ಹ್ಯಾಲೊಜನ್ ಬಲ್ಬ್ ತಂದು ಹಾಕಿದರೆ ಹೋಲ್ಡರ್ ಕರಗುವುದು, ಕಾಯಿಲ್ ಸುಡುವುದು ಸಹಜ. ಇನ್ನು 2.5 ಆಂಪಿಯರ್-ಅವರ್‌ನ ಹಳೆ ಬ್ಯಾಟರಿಯನ್ನೇ ಇಟ್ಟು ಡಿಸಿ ಮಾಡಿಸಿದರೆ, 35 ವಾಟಿನ ಬಲ್ಬ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ಅಂದರೆ ಚಾರ್ಜಿಂಗ್ ನಿಂತರೆ ಬ್ಯಾಟರಿ ಒಂದು ಗಂಟೆಯೂ ಬಾರದು. ಹಾಗಾಗಿ ಡಿಸಿ ಮಾಡಿಸುವವರು ಎರಡು ಕೆಲಸ ಒಟ್ಟಿಗೆ ಮಾಡಬೇಕು: ಬ್ಯಾಟರಿ 5 ಆಂಪಿಯರ್-ಅವರ್‌ಗಾದರೂ ಏರಬೇಕು, ದೀಪದ ಹೊರೆ ಇಳಿಯಬೇಕು. ಎಲ್‌ಇಡಿಯ ಪಾಳಿ ಬರುವುದು ಇಲ್ಲಿ, ಮೊದಲಲ್ಲ. ರೆಗ್ಯುಲೇಟರ್ ಕೊಳ್ಳುವಾಗ ಅಲ್ಯೂಮಿನಿಯಂ ಮೈ, ರೆಕ್ಕೆ ಇರುವುದನ್ನೇ ಕೊಳ್ಳಿ. ಬಿಸಿ ಹೊರಹೋಗಬೇಕು, ಹಾಗಾಗಿ ಗಾಳಿ ಬೀಳುವ ಕಡೆ ಕಬ್ಬಿಣಕ್ಕೆ ತಾಗಿಸಿ ಕೂರಿಸಲಿ. ಸೀಟಿನಡಿ ಟೇಪ್ ಸುತ್ತಿ ತುರುಕುವುದಲ್ಲ.

6 ವೋಲ್ಟಿನ ಗಾಡಿ ಇಟ್ಟವರ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಜಾವಾ, ಯೆಜ್ಡಿ ತಯಾರಿಸಿತು. ಅವುಗಳಲ್ಲಿ ಹಲವು ಇನ್ನೂ ನಮ್ಮ ಕಡೆಯ ಕೊಟ್ಟಿಗೆಗಳಲ್ಲಿ ತೆಂಗಿನ ಗರಿಯಡಿ ನಿಂತಿವೆ. ಹಳೆ ಜಾವಾದಲ್ಲಿ ಇರುವುದು 6 ವೋಲ್ಟಿನ ಡೈನಮೊ ಮತ್ತು ಕಾಂಟ್ಯಾಕ್ಟ್ ಇರುವ ಕಟ್‌ಔಟ್. ಕಿಡಿಯೂ ಬ್ಯಾಟರಿಯಿಂದಲೇ, ಬ್ಯಾಟರಿ ಇಳಿದರೆ ಕಿಕ್ ಹೊಡೆದು ಕಾಲು ನೋಯಿಸಿಕೊಂಡದ್ದೇ ಲಾಭ. ಉಪ್ಪುಗಾಳಿಯ ಊರಿನಲ್ಲಿ 6 ವೋಲ್ಟಿಗೆ ಇನ್ನೊಂದು ಕಷ್ಟವಿದೆ. 35 ವಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ತುಕ್ಕಿನಿಂದ ಬರೇ 0.2 ಓಮ್ ತಡೆ ಇದ್ದರೂ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲೇ ನಷ್ಟ, ಆರರಲ್ಲಿ ಒಂದು ಹೋಯಿತು. ಅದೇ 12 ವೋಲ್ಟಾದರೆ 2.9 ಆಂಪಿಯರ್, ನಷ್ಟ ಅರ್ಧ ವೋಲ್ಟಿನಷ್ಟು ಮಾತ್ರ. 12ಕ್ಕೆ ಏರಿಸಬೇಕು ಎನ್ನುವುದು ಇದಕ್ಕೇ. ಜಾವಾ ಹುಟ್ಟಿದ ಜೆಕ್ ದೇಶದಲ್ಲಿ ಹಳೆ ಜಾವಾಗಳಿಗೆಂದೇ 12 ವೋಲ್ಟಿನ ಮ್ಯಾಗ್ನೆಟೊ ಕಿಟ್ ಇಂದಿಗೂ ತಯಾರಾಗುತ್ತದೆ. ತರಿಸುವಷ್ಟು ದುಡ್ಡಿಲ್ಲದವರು ಮೊದಲು ಡೈನಮೊದ ಕಾರ್ಬನ್ ಬ್ರಷ್ ಬದಲಾಯಿಸಿ, ಕಟ್‌ಔಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಲಿ. ಕಳಚಿದ ಹಳೆ ಸಾಮಾನನ್ನು ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿ ಎಣ್ಣೆ ಸವರಿ ಇಡಿ. ಮುಂದೆ ಮಾರುವಾಗ ಅದಕ್ಕೇ ಬೆಲೆ.

ಇನ್ನೊಂದು ವರ್ಗ ಇದೆ, ಅವರ ಮೇಲೆ ನನಗೆ ಸಿಟ್ಟಿದೆ. ಚಾರ್ಜಿಂಗ್ ಚೆನ್ನಾಗಿಯೇ ಇರುವ ಬೈಕಿಗೆ ನಾಲ್ಕು ಎಲ್‌ಇಡಿ ಬಾರ್ ಕಟ್ಟಿ ಎದುರಿನವನ ಕಣ್ಣು ಕುರುಡು ಮಾಡುವವರು. ಫಿಲಮೆಂಟ್ ಬಲ್ಬಿಗಾಗಿ ಮಾಡಿದ ರಿಫ್ಲೆಕ್ಟರಿನಲ್ಲಿ ಅಗ್ಗದ ಎಲ್‌ಇಡಿ ಹಾಕಿದರೆ ಬೆಳಕು ರಸ್ತೆಗೆ ಬೀಳುವ ಬದಲು ಮರದ ತುದಿಗೂ ಎದುರಿನವನ ಮುಖಕ್ಕೂ ಚದುರುತ್ತದೆ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆ ನಡೆಸಿದರು, ಅದು ಸರಿಯಾದ ಕೆಲಸ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡವೂ ಇದೆ, ಆರು ತಿಂಗಳ ತನಕ ಜೈಲೂ ಇದೆ.

ಆದರೆ ಅತಿ ಬೆಳಕಿನವನನ್ನು ಹಿಡಿಯುವ ಉತ್ಸಾಹ ಬೆಳಕೇ ಇಲ್ಲದವನ ವಿಷಯದಲ್ಲಿ ಕಾಣುವುದಿಲ್ಲ. ಹದಿನೈದು ವರ್ಷ ಕಳೆದ ಬೈಕಿನ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಲೇಬೇಕು. ಅಲ್ಲಿ ಹೊಗೆ ನೋಡುವಂತೆ ಮೀಟರ್ ಇಟ್ಟು ಚಾರ್ಜಿಂಗ್ ವೋಲ್ಟೇಜನ್ನೂ ನೋಡಲಿ, ಐಡ್ಲಿಂಗಿನಲ್ಲಿ ಹೆಡ್‌ಲೈಟ್ ಎಷ್ಟು ಉರಿಯುತ್ತದೆ ಎಂದೂ ನೋಡಲಿ. ದಂಡ ಹಾಕಲು ಅಲ್ಲ, ಚೀಟಿಯಲ್ಲಿ ಬರೆದುಕೊಡಲು. ಚಾರ್ಜಿಂಗ್ ಬಲಪಡಿಸುವುದು ಮಾರ್ಪಾಡೋ ರಿಪೇರಿಯೋ ಎಂಬುದನ್ನೂ ಸಾರಿಗೆ ಇಲಾಖೆ ಒಂದು ಪುಟದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಿ. ಈಗ ಪ್ರಾಮಾಣಿಕವಾಗಿ ಕೆಲಸ ಮಾಡುವ ಮೆಕ್ಯಾನಿಕ್ಕೂ ಹೆದರುತ್ತಾನೆ, ಎಲ್‌ಇಡಿ ಬಾರ್ ಕಟ್ಟುವವನು ಮಾತ್ರ ಹೆದರುವುದಿಲ್ಲ.

ನಮ್ಮ ಐಟಿಐಗಳಲ್ಲಿ ಕಲಿಯುವ ಹುಡುಗರಿದ್ದಾರೆ, ಮೇಳಗಳು ಹೊರಡುವ ಮೊದಲು ಸಿಗುವ ಭಾನುವಾರಗಳಿವೆ. ಮಂದಾರ್ತಿಯಲ್ಲೋ ಮಾರಣಕಟ್ಟೆಯಲ್ಲೋ ದೇವಸ್ಥಾನದ ಎದುರಿನ ಗದ್ದೆಯಲ್ಲಿ ಒಂದು ಮೇಜು, ನಾಲ್ಕು ಮಲ್ಟಿಮೀಟರ್, ಒಂದಿಷ್ಟು ಮರಳು ಕಾಗದ ಇಟ್ಟು ಕಲಾವಿದರ ಬೈಕುಗಳಿಂದಲೇ ಶುರು ಮಾಡಬಹುದು. ರಕ್ತದಾನ ಶಿಬಿರ ನಡೆಸುವ ಯುವಕ ಮಂಡಲಗಳಿಗೆ ಇದು ದೊಡ್ಡ ಕೆಲಸವೇನಲ್ಲ. ಮೀನು ಮಾರುವವರ ಗಾಡಿ ನೋಡಬೇಕಾದರೆ ಮಾತ್ರ ಬೆಳಗಿನ ನಾಲ್ಕಕ್ಕೆ ಬಂದರಿನಲ್ಲೇ ಇರಬೇಕು, ಹತ್ತು ಗಂಟೆಗೆ ಶಿಬಿರ ಇಟ್ಟರೆ ಅವರು ಬರುವುದಿಲ್ಲ.