ಗಾಲ್ಫ್ ಊರಿನಲ್ಲಿ ಉಳಿದದ್ದು ನಮ್ಮ ಗೋಮಾಳದಲ್ಲೂ ಉಳಿಯಲಿ

ಗಾಲ್ಫ್ ಅಂದರೆ ಶ್ರೀಮಂತರ ಆಟ ಅನ್ನೋದು ನಮ್ಮ ಲೆಕ್ಕ. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದ್ದರೂ ಹಾವೇರಿಯ ಹುಡುಗರು ಈ ಆಟ ನೋಡಿದ್ದು ಟಿವಿಯಲ್ಲಿ ಮಾತ್ರ.

ಆದರೆ ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿ, ಕುರಿ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ. ಅಲ್ಲಿನ ಸೇಂಟ್ ಆಂಡ್ರೂಸ್ ಊರಿನ 'ಓಲ್ಡ್ ಕೋರ್ಸ್' ಜಗತ್ತಿಗೇ ಹೆಸರುವಾಸಿ. ಅದು ಇವತ್ತಿಗೂ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಸಾರ್ವಜನಿಕರದು. ಊರವರಿಗೆ ಆಡಲು ಕಡಿಮೆ ದರ. ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜೆ. ಅಂದು ಜನ ಮಕ್ಕಳೊಂದಿಗೆ ಅಲ್ಲೇ ಅಡ್ಡಾಡುತ್ತಾರೆ.

ನಮ್ಮಲ್ಲಿ ಅಂಥ ಜಾಗವೆಂದರೆ ಗೋಮಾಳ. ಬ್ಯಾಡಗಿ, ರಾಣೆಬೆನ್ನೂರು ಕಡೆ ಕುರಿ ಕಾಯುತ್ತ ಚಿನ್ನಿದಾಂಡು ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಆದರೂ ಅದು ಒತ್ತುವರಿಯಲ್ಲಿ ಕರಗುತ್ತಿದೆ. ಮನೆ ಇಲ್ಲದ ಬಡವರಿಗೆ ನಿವೇಶನ ಕೊಡಲಿ, ಒಪ್ಪೋಣ. ಬೇಲಿ ಹಾಕಿಕೊಂಡ ಉಳ್ಳವರಿಗೆ ಯಾಕೆ ಬಿಡಬೇಕು?

ನೀರು ಕುಡಿಯುವ ಗಾಲ್ಫ್ ಮೈದಾನ ನಮಗೆ ಬೇಡ. ದುಡ್ಡಿಲ್ಲದೆ ಆಡುವ, ಅಡ್ಡಾಡುವ ಬಯಲು ಸಾಕು. ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ: ನಮ್ಮೂರ ಗೋಮಾಳದ ಸರ್ವೆ ನಂಬರ್ ಯಾವುದು? ದಾಖಲೆಯಲ್ಲಿ ಎಷ್ಟು ಎಕರೆ ಇದೆ? ಈಗ ಎಷ್ಟು ಉಳಿದಿದೆ?