ನಾಡು ಕೂಡಿತು, ಹುಟ್ಟುವಳಿ ಹೆಚ್ಚಿತೇ?

ರಾಮದುರ್ಗ ತಾಲೂಕಿನ ಕಟಕೋಳ ಸೀಮೆಯ ರೈತನು ಸೋಮಾರಿಯಾದುದರಿಂದಲೇ ಎಕರೆಯ ಹುಟ್ಟುವಳಿ ಹೆಚ್ಚುತ್ತಿಲ್ಲವೆಂದು ಪಟ್ಟಣದ ಪಂಡಿತರು ಹಳಿಯುತ್ತಿರುವರು. ಎಂತಹ ಅನ್ಯಾಯದ ಮಾತಿದು! 1956ರಲ್ಲಿ ಮುಂಬಯಿಯಿಂದ ಬಿಡಿಸಿಕೊಂಡು ಕನ್ನಡನಾಡನ್ನು ಕೂಡಿದೆವು. 1972ರಲ್ಲಿ ಮಲಪ್ರಭೆಗೆ ನವಿಲುತೀರ್ಥದ ಕಟ್ಟೆಯೂ ಪೂರ್ಣವಾಯಿತು. ಆದರೆ ಕಾಲುವೆ ಮುಟ್ಟದ ಹೊಲಗಳು ಇಂದಿಗೂ ಮುಗಿಲನ್ನೇ ನೋಡುತ್ತಿರುವವು. ಅಲ್ಲಿ ಒಳ್ಳೆಯ ಬೀಜಕ್ಕೂ ಗೊಬ್ಬರಕ್ಕೂ ಸಾಲದ ಹಣ ಸುರಿಯುವ ಧೈರ್ಯ ಯಾರಿಗುಂಟು? ಮಳೆ ತಪ್ಪಬಹುದು, ಸಾಲ ತಪ್ಪದು! 2002ರಲ್ಲಿ ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿರುವವೆಂದು ಸಾರಿತು. ಅಷ್ಟೂ ತಾಲೂಕುಗಳ ಜನರು ಸೋಮಾರಿಗಳೇ? ಕನ್ನಡಿಗರೇ, ಭೂಪಟವು ಕೂಡಿದರೆ ಸಾಲದು. ಹೊಲಕ್ಕೆ ಒಡ್ಡು, ಕೆರೆಗೆ ನೀರು, ಬೆಳೆಗೆ ನ್ಯಾಯವಾದ ಬೆಲೆ ದೊರೆಯುವ ತನಕ ಏಕೀಕರಣವು ಅರ್ಧವೇ ಆಗಿರುವುದು. ಉಳಿದರ್ಧವನ್ನು ಸರಕಾರದಿಂದ ಕೇಳಿ ಪಡೆಯುವುದು ನಮ್ಮೆಲ್ಲರ ಕರ್ತವ್ಯವು.